ತಕರಾರು ಐತ್ರಿ

ಹೋದ ತಿಂಗಳು ದಾವಣಗೆರೆಯಿಂದ ಜಗಳೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಹಿರಿಯರು ಬಂದು ಕೂತರು. ಹೆಗಲ ಮೇಲೆ ಕರಿ ಕಂಬಳಿ, ಆಗಷ್ಟೇ ಬಿದ್ದ ಮಳೆಗೆ ಅರ್ಧ ನೆನೆದಿತ್ತು. ನೆನೆದ ಕಂಬಳಿಯ ವಾಸನೆ ಗೊತ್ತಿರುವವರಿಗೆ ಗೊತ್ತು. ಕುರಿಯ ಮೈ, ಒಲೆಯ ಹೊಗೆ, ಮಣ್ಣು ಎಲ್ಲ ಸೇರಿದ್ದು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದಕ್ಕೆ ತಿರುಗಿ ನೋಡಿದರು. ಹಿರಿಯರು ಕಂಬಳಿಯನ್ನು ಮುದುರಿ ಕಾಲ ಕೆಳಗೆ ಇಟ್ಟುಕೊಳ್ಳಲು ಹೋದರು. "ಇರ್ಲಿ ಬಿಡ್ರಿ ಅಜ್ಜಾರೆ, ಮೇಲೇ ಇಟ್ಕೊಳ್ರಿ" ಎಂದೆ. ಹೇಳಿ ಕಿಟಕಿಯನ್ನು ಮುಚ್ಚಿದೆ. ಮಳೆ ಒಳಗೆ ಬರುತ್ತದೆ ಎಂದಲ್ಲ, ಆ ವಾಸನೆ ಹೊರಗೆ ಹೋಗಬಾರದು ಎಂದು.

ನನಗೆ ಅದು ಒಂದು ವರ್ಷದ ವಾಸನೆ. ಆ ವರ್ಷ ನನಗೆ ಕೆಲಸ ಹೋಯಿತು, ಒಂದು ಹೈಸ್ಕೂಲಿನ ನೂರಕ್ಕೆ ನೂರು ಫಲಿತಾಂಶ ಹೋಯಿತು. ಎರಡಕ್ಕೂ ನನಗೆ ಇವತ್ತಿನವರೆಗೆ ಬೇಸರವಿಲ್ಲ. ಬೇಸರ ಇರುವುದು ಬೇರೊಂದಕ್ಕೆ, ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆಯ ಒಂದು ಸಂಸ್ಥೆ ನನ್ನನ್ನು ಹತ್ತು ತಿಂಗಳ ಗುತ್ತಿಗೆಗೆ ತೆಗೆದುಕೊಂಡಿತ್ತು. ಹುದ್ದೆಯ ಹೆಸರು ದೊಡ್ಡದು, ಶಾಲಾ ಆಪ್ತ ಸಮಾಲೋಚಕಿ. ಮಕ್ಕಳ ಮನಸ್ಸಿನಲ್ಲಿರುವುದನ್ನು ಕೇಳಬೇಕು, ಮುಂದೆ ಏನು ಓದಬಹುದು ಎಂದು ದಾರಿ ತೋರಿಸಬೇಕು, ಶಾಲೆ ಬಿಡುವವರನ್ನು ಹಿಡಿದು ನಿಲ್ಲಿಸಬೇಕು. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಮತ್ತು ಶುಕ್ರವಾರ ಜಗಳೂರು, ಶನಿವಾರ ಆಫೀಸಿನಲ್ಲಿ ಕೂತು ವರದಿ. ನಾಲ್ಕು ತಾಲ್ಲೂಕಿಗೆ ಒಬ್ಬಳು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟರೆ ನಮ್ಮತ್ತೆ, "ಇವತ್ತು ಯಾವ ರೂಟು?" ಎಂದು ಕೇಳುತ್ತಿದ್ದರು. ಸೊಸೆಗೆ ಮೇಷ್ಟ್ರ ಕೆಲಸ ಎಂದು ನೆಂಟರಿಗೆ ಹೇಳಿಕೊಂಡಿದ್ದ ಅವರ ಕಣ್ಣಿಗೆ ನನಗೆ ಕಂಡಕ್ಟರ್ ಕೆಲಸ ಸಿಕ್ಕಂತೆ ಕಾಣುತ್ತಿತ್ತು.

ಎಲ್ಲಿಯೂ ನನಗೆಂದು ಒಂದು ಕೋಣೆ ಇರಲಿಲ್ಲ. ಚನ್ನಗಿರಿಯಲ್ಲಿ ಆಟದ ಸಾಮಾನು ತುಂಬಿದ ಕೋಣೆ, ಹೊನ್ನಾಳಿಯಲ್ಲಿ ಲ್ಯಾಬಿನ ಒಂದು ಮೂಲೆ, ನ್ಯಾಮತಿ ಕಡೆಯ ಶಾಲೆಯಲ್ಲಿ ಬೇವಿನ ಮರದ ಕೆಳಗೆ ಒಂದು ಬೆಂಚು. ಜಗಳೂರಿನ ಶಾಲೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆಗಳನ್ನು ಇಡುವ ಕೋಣೆ. ಅಲ್ಲಿ ಇದ್ದದ್ದು ಒಂದೇ ಕುರ್ಚಿ. ಹದಿನೈದು ವರ್ಷದ ಹುಡುಗಿ ಮನೆಯ ಕಷ್ಟ ಹೇಳುತ್ತಾ ಅಳುತ್ತಿರುವಾಗ ಅಡುಗೆಯ ಅಕ್ಕ ಬಂದು, "ಒಂಚೂರು ಸರೀರಿ ಮೇಡಂ, ಬ್ಯಾಳಿ ತಗೋಬೇಕು" ಎನ್ನುತ್ತಿದ್ದಳು. ಗುಟ್ಟು ಕಾಪಾಡುವುದು ನಮ್ಮ ವೃತ್ತಿಯ ಮೊದಲ ನಿಯಮ ಎಂದು ತರಬೇತಿಯಲ್ಲಿ ಮೂರು ದಿನ ಹೇಳಿದ್ದರು. ತರಬೇತಿ ಕೊಟ್ಟವರು ಅಕ್ಕಿ ಕೋಣೆಯನ್ನು ನೋಡಿರಲಿಲ್ಲ.

ಇನ್ನು ಮಕ್ಕಳು. ಜೂನ್ ತಿಂಗಳಲ್ಲಿ ಮೊದಲ ಹುಡುಗ ಒಳಗೆ ಬಂದವನು ಕೂರುವ ಮೊದಲೇ ಎರಡೂ ಕಿವಿ ಹಿಡಿದುಕೊಂಡ. "ತಪ್ಪಾಯ್ತು ಮೇಡಂ, ಇನ್ನೊಂದ್ಸಲ ಮಾಡಲ್ಲ."

"ಏನು ಮಾಡಲ್ಲ?"

"ಗೊತ್ತಿಲ್ಲ ಮೇಡಂ."

ಎರಡನೆಯವನೂ ಹಾಗೆಯೇ. ಮೂರನೆಯವಳೂ ಹಾಗೆಯೇ. ಆಮೇಲೆ ಗೊತ್ತಾಯಿತು, ಮೇಷ್ಟ್ರುಗಳು ತಮ್ಮ ಕೈಲಾಗದವರನ್ನು, "ಹೋಗು, ಆ ಮೇಡಂ ಹತ್ರ ಬುದ್ಧಿ ಹೇಳಿಸ್ಕೊಂಡು ಬಾ" ಎಂದು ಕಳಿಸುತ್ತಿದ್ದರು. ನಾಲ್ಕೂ ತಾಲ್ಲೂಕಿನಲ್ಲಿ ನನಗೆ ಬುದ್ಧಿ ಮೇಡಂ ಎಂದೇ ಹೆಸರು ಬಿತ್ತು. ಬುದ್ಧಿ ಹೇಳಲು ನಮ್ಮಲ್ಲಿ ಯಾರಿಗೂ ಪದವಿ ಬೇಕಿಲ್ಲ, ಸೋಡಾ ಅಂಗಡಿಯವರೂ ಹೇಳುತ್ತಾರೆ. ಕೇಳಲು ಒಬ್ಬರು ಬೇಕಿತ್ತು, ಅದಕ್ಕೆ ನಾನು ಬಂದಿದ್ದೆ. ಅದು ಯಾರಿಗೂ ಅರ್ಥವಾಗಲಿಲ್ಲ. ಹಾಗಾಗಿ ನಾನೇ ಒಂದು ನಿಯಮ ಮಾಡಿದೆ. ನನ್ನ ಕೋಣೆಯಲ್ಲಿ ಯಾರೂ ತಪ್ಪಾಯ್ತು ಅನ್ನುವ ಹಾಗಿಲ್ಲ. ಕುರ್ಚಿ ಮಕ್ಕಳಿಗೆ, ಮೂಟೆ ನನಗೆ. ಮೂಟೆಯ ಮೇಲೆ ಕೂತ ಮೇಡಂ ಮುಂದೆ ಕುರ್ಚಿಯಲ್ಲಿ ಕೂರಲು ಅವರಿಗೆ ಒಂದು ತಿಂಗಳು ಬೇಕಾಯಿತು. ಮಾತು ಬರಲು ಇನ್ನೊಂದು ತಿಂಗಳು.

ಮೇಷ್ಟ್ರುಗಳ ಬಳಿ ಇದ್ದ ಇನ್ನೊಂದು ಮದ್ದು ಮುಚ್ಚಳಿಕೆ. ಮಗು ತಡವಾಗಿ ಬಂದರೆ ಮುಚ್ಚಳಿಕೆ, ಜಗಳವಾಡಿದರೆ ಮುಚ್ಚಳಿಕೆ, ಗೈರುಹಾಜರಾದರೆ ಮುಚ್ಚಳಿಕೆ. ಅಪ್ಪನನ್ನೋ ಅವ್ವನನ್ನೋ ಕರೆಸಿ, ಒಂದು ಹಾಳೆಯಲ್ಲಿ ಬರೆಸಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು ಫೈಲಿಗೆ ಸೇರಿಸುವುದು. ಎಲ್ಲ ಮುಚ್ಚಳಿಕೆಗಳ ಕೊನೆಯ ಸಾಲು ಒಂದೇ, "ನನ್ನ ಯಾವುದೇ ತಕರಾರು ಇರುವುದಿಲ್ಲ." ಜಗಳೂರಿನ ಶಾಲೆಯಲ್ಲಿ ಅವುಗಳಿಗೇ ಒಂದು ಹಸಿರು ಫೈಲು ಇತ್ತು. ದಾರ ಕಟ್ಟಲು ಕಷ್ಟವಾಗುವಷ್ಟು ಅದು ದಪ್ಪವಾಗಿತ್ತು.

ರೇಣುಕಾ ಆ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿದ್ದಳು. ತೆಳ್ಳಗೆ, ಎತ್ತರಕ್ಕೆ, ಯಾರನ್ನೇ ನೋಡಿದರೂ ನೆಟ್ಟಗೆ ನೋಡುವವಳು. ಮನೆಯಲ್ಲಿ ಕುರಿ ಹಿಂಡು. ತಂದೆ ಬೀರಪ್ಪ ಓದಿದವರಲ್ಲ, ಮಗಳು ಓದಲಿ ಎಂದು ಆಸೆ ಇದ್ದವರು. ಆದರೆ ಸೆಪ್ಟೆಂಬರ್ ಹೊತ್ತಿಗೆ ರೇಣುಕಾ ವಾರಕ್ಕೆ ಎರಡು ದಿನ ಬರುತ್ತಿರಲಿಲ್ಲ. ಹೆಡ್ ಮಾಸ್ಟರು ಬೀರಪ್ಪನವರನ್ನು ಕರೆಸಿದರು. ಅವತ್ತು ಗುರುವಾರ, ನಾನೂ ಅಲ್ಲಿದ್ದೆ.

"ಮೇಡಂ, ನಿಮ್ಮ ಅಕ್ಷರ ಮುತ್ತಿನಂಗೆ ಐತೆ. ನೀವೇ ಒಂದು ಮುಚ್ಚಳಿಕೆ ಬರದುಬಿಡ್ರಿ" ಎಂದರು ಹೆಡ್ ಮಾಸ್ಟರು.

ನಾನು ಬರೆದೆ. ನನ್ನ ಅಕ್ಷರವನ್ನು ಹೊಗಳಿದರೆ ನಾನು ಏನು ಬೇಕಾದರೂ ಬರೆಯುತ್ತೇನೆ ಎಂದು ನನಗೆ ಅವತ್ತು ಗೊತ್ತಿರಲಿಲ್ಲ. ಬೀರಪ್ಪ ಒಳಗೆ ಬರುವ ಮೊದಲೇ ಅವರು ಹೇಳಿದರು, ನಾನು ಬರೆದೆ. ನನ್ನ ಮಗಳು ಕುಮಾರಿ ರೇಣುಕಾ ಇನ್ನು ಮುಂದೆ ಶಾಲೆಗೆ ಗೈರುಹಾಜರಾದಲ್ಲಿ ಆಕೆಯನ್ನು ವಾರ್ಷಿಕ ಪರೀಕ್ಷೆಗೆ ಕೂರಿಸದಿದ್ದರೂ ನನ್ನ ಯಾವುದೇ ತಕರಾರು ಇರುವುದಿಲ್ಲ. ಕೆಳಗೆ ಸಾಕ್ಷಿ ಎಂದು ನನ್ನ ಸಹಿ. ಬೀರಪ್ಪ ಹೆಬ್ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತಾ ನನ್ನನ್ನು ಕೇಳಿದರು, "ಏನು ಬರದೀರಿ ತಾಯಿ?"

"ಏನಿಲ್ಲ ಯಜಮಾನ್ರೆ, ಮಗಳನ್ನ ದಿನಾ ಶಾಲೆಗೆ ಕಳಿಸ್ತೀನಿ ಅಂತ."

ಒಂದು ಹಾಳೆ ಕಂಡರೆ ಅವರು ಹೆದರುತ್ತಾರೆ, ಹೆದರಿದರೆ ಮಗಳು ಶಾಲೆಯಲ್ಲಿ ಉಳಿಯುತ್ತಾಳೆ ಎಂದು ನನ್ನ ಲೆಕ್ಕಾಚಾರ. ಮುಚ್ಚಳಿಕೆ ಎಂದರೆ ಬರೀ ಬೆದರುಬೊಂಬೆ, ಅದನ್ನು ಯಾರು ತೆಗೆದು ಓದುತ್ತಾರೆ ಎಂದುಕೊಂಡಿದ್ದೆ. ಬೀರಪ್ಪ ಹೆಬ್ಬೆಟ್ಟು ಒತ್ತಿ ಬೆರಳನ್ನು ಕಂಬಳಿಗೆ ಒರೆಸಿಕೊಂಡರು. ಬಾಗಿಲ ಬಳಿ ನಿಂತಿದ್ದ ರೇಣುಕಾ ಮೇಜಿನ ಮೇಲಿನ ಹಾಳೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಶನಿವಾರದ ವರದಿಯಲ್ಲಿ ಅದನ್ನು ಯಶಸ್ಸು ಎಂದು ಬರೆದೆ.

ಡಿಸೆಂಬರ್ ಮೊದಲ ವಾರ ರೇಣುಕಾ ಕಾಣೆಯಾದಳು. ಆ ವಾರ ಜಗಳೂರಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ, "ಕುರಿ ಹಿಂದೆ ಹೋಗ್ಯಾಳೆ." ನಮ್ಮ ಶಾಲೆಗಳಲ್ಲಿ ಓದು ಹತ್ತದ ಮಕ್ಕಳಿಗೆ ಬೈಯುವುದೇ ಹಾಗೆ, ಕುರಿ ಕಾಯಾಕೆ ಹೋಗು ಎಂದು. ಸ್ಟಾಫ್ ರೂಮಿನಲ್ಲಿ ಒಬ್ಬರು, "ನಮ್ಮ ಮಾತು ನಿಜಾನೇ ಆತು ಬಿಡ್ರಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ, ಆದರೆ ತಿರುಗಿ ಏನೂ ಹೇಳಲೂ ಇಲ್ಲ. ಆಗಿನ್ನೂ ನಾನು ಒಳ್ಳೆಯ ಮೇಡಂ ಆಗಿದ್ದೆ.

ಮುಂದಿನ ಬುಧವಾರ ನ್ಯಾಮತಿ ತಾಲ್ಲೂಕಿನ ಗೋವಿನಕೋವಿ ಕಡೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಭತ್ತದ ಕೊಯ್ಲು ಮುಗಿದು ಗದ್ದೆಗಳೆಲ್ಲ ಕೂಳೆ ಗದ್ದೆಗಳು. ಪ್ರತಿ ವರ್ಷ ಈ ಹೊತ್ತಿಗೆ ಜಗಳೂರು ಕಡೆಯ ಕುರಿಗಾರರು ಹಿಂಡು ಹೊಡೆದುಕೊಂಡು ನೀರಾವರಿ ಸೀಮೆಗೆ ಬರುತ್ತಾರೆ. ಗೊಬ್ಬರಕ್ಕೆಂದು ಗದ್ದೆಯವರು ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಒಂದು ಊರಾದ ಮೇಲೆ ಇನ್ನೊಂದು ಊರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ. ಕಿಟಕಿಯಿಂದ ಒಂದು ಮಂದೆ ಕಂಡಿತು. ಮರಿಗಳನ್ನು ಕೂಡಿಹಾಕಿದ ಬಲೆಯ ಪಕ್ಕ ಒಂದು ಎತ್ತರದ ಹುಡುಗಿ. ಮೈಮೇಲೆ ಜಗಳೂರಿನ ಶಾಲೆಯ ನೀಲಿ ಸ್ವೆಟರು. ನಾನು ಎದ್ದು ನಿಂತು, "ನಿಲ್ಸ್ರಿ, ನಿಲ್ಸ್ರಿ" ಎಂದು ಕೂಗಿದೆ. ಕಂಡಕ್ಟರು, "ಮೇಡಂ, ಇಲ್ಲಿ ಸ್ಟಾಪ್ ಇಲ್ಲ" ಎಂದರು. ಇಲ್ಲದಿದ್ದರೆ ಇವತ್ತಿನಿಂದ ಮಾಡಿ ಎಂದು ಇಳಿದೆ.

ರೇಣುಕಾ ನನ್ನನ್ನು ನೋಡಿ ಎದ್ದು ನಿಂತಳು. ಕಿವಿ ಹಿಡಿದುಕೊಳ್ಳಲಿಲ್ಲ.

"ಅವ್ವನ ಕಾಲು ಮುರದೈತೆ ಮೇಡಂ. ಅಡಿಗೆ ಮಾಡಾಕೆ, ಮರಿ ನೋಡಾಕೆ ಯಾರೂ ಇಲ್ಲ. ಫೆಬ್ರವರಿ ಒಳಗೆ ಅವ್ವ ಎದ್ದೇಳ್ತಾಳೆ, ಆಮ್ಯಾಕೆ ಬರ್ತೀನಿ."

"ಶಾಲೆಗೆ ಒಂದು ಮಾತು ಹೇಳಬಾರದಿತ್ತೇನೆ? ರಜೆ ಚೀಟಿ ಬರೆದಿದ್ರೆ ಆಗ್ತಿತ್ತು."

"ಏನಂತ ಹೇಳ್ಲಿ? ಅಪ್ಪ ಮುಚ್ಚಳಿಕೆ ಕೊಟ್ಟಾನಲ್ಲ."

"ಅದು ಸುಮ್ನೆ ಹೆದರಿಸಾಕೆ ಕಣೇ."

ಅವಳು ಬಲೆಯೊಳಗಿನ ಒಂದು ಮರಿಯನ್ನು ಎತ್ತಿಕೊಂಡು, ಅದರ ಮುಖ ನೋಡುತ್ತಾ ಹೇಳಿದಳು. "ಅವತ್ತು ಬಾಗಿಲತ್ರ ನಿಂತು ನಾನು ಪೂರ್ತಿ ಓದಿದ್ದೆ ಮೇಡಂ. ನೀವು ನಮ್ಮಪ್ಪಗೆ ಪೂರ್ತಿ ಓದಿ ಹೇಳಲಿಲ್ಲ."

ನನಗೆ ಕಾಲ ಕೆಳಗಿನ ಕೂಳೆ ಚುಚ್ಚಿದ್ದು ಆಗಲೇ ಗೊತ್ತಾದದ್ದು. ನಾಲ್ಕು ತಾಲ್ಲೂಕಿನ ಮಕ್ಕಳಿಗೆ ನನ್ನ ಹತ್ತಿರ ಸುಳ್ಳು ಹೇಳಬೇಡಿ ಎಂದು ಹೇಳಿಕೊಂಡು ತಿರುಗುತ್ತಿದ್ದವಳು ನಾನು. ಇವಳ ಅಪ್ಪನಿಗೆ ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆ. ಮುಖ ಎತ್ತಿ ನೋಡಲಾಗಲಿಲ್ಲ. ಸಂಜೆಯ ಬಸ್ಸಿನಲ್ಲಿ ವಾಪಸು ಬರುವಾಗ ನಾಚಿಕೆ ಇಳಿದು ಸಿಟ್ಟು ಬಂತು, ಮೊದಲು ನನ್ನ ಮೇಲೆ, ಆಮೇಲೆ ಆ ಹಸಿರು ಫೈಲಿನ ಮೇಲೆ. ಸಿಟ್ಟು ಒಳ್ಳೆಯದು. ನಾಚಿಕೆಯಿಂದ ಮುದುಡಿ ಕೂತರೆ ಆ ಹುಡುಗಿಗೆ ಏನು ಉಪಯೋಗ?

ಆಮೇಲಿನ ಏಳು ವಾರ ನನ್ನ ಬಸ್ಸಿನ ದಾರಿ ಮತ್ತು ಬೀರಪ್ಪನವರ ಹಿಂಡಿನ ದಾರಿ ಒಂದೇ ಆಯಿತು. ಜಗಳೂರಿನ ಶಾಲೆಯ ಯಾವ ಮೇಷ್ಟ್ರಿಗೂ ಆ ಹುಡುಗಿಯನ್ನು ಕಾಣುವ ಅವಕಾಶ ಇರಲಿಲ್ಲ, ನನಗೆ ಮಾತ್ರ ಇತ್ತು. ನಾಲ್ಕು ತಾಲ್ಲೂಕಿಗೆ ಒಬ್ಬಳನ್ನೇ ಇಟ್ಟು ಸಂಸ್ಥೆಯವರು ಮಾಡಿದ ತಪ್ಪು ಅಲ್ಲಿ ಕೆಲಸಕ್ಕೆ ಬಂತು. ಗುರುವಾರ ಜಗಳೂರಿನಲ್ಲಿ ಅವಳ ಗೆಳತಿಯರ ನೋಟ್ಸ್ ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದೆ. ಮುಂದಿನ ವಾರ ಮಂದೆ ಎಲ್ಲಿದೆಯೋ ಅಲ್ಲಿಗೆ ಒಯ್ದು ಕೊಡುತ್ತಿದ್ದೆ. ಹೊನ್ನಾಳಿಯ ಶಾಲೆಯಲ್ಲಿ ಜಯಮ್ಮ ಟೀಚರ್ ಎಂದು ಒಬ್ಬರಿದ್ದರು, ವಿಜ್ಞಾನದವರು, ನಿವೃತ್ತಿಗೆ ಎರಡು ವರ್ಷ. ಅವರಿಗೆ ವಿಷಯ ಹೇಳಿದೆ. "ಬರಲಿ ಬಿಡ್ರಿ, ನನ್ನ ಕ್ಲಾಸಿನಾಗೆ ಒಂದು ತಲೆ ಜಾಸ್ತಿ ಆದ್ರೆ ಆಮ್ಲಜನಕ ಕಡಿಮೆ ಬೀಳಲ್ಲ" ಎಂದರು. ಮಂದೆ ಹೊನ್ನಾಳಿ ಹತ್ತಿರ ಇದ್ದಷ್ಟು ದಿನ ರೇಣುಕಾ ಮಧ್ಯಾಹ್ನದವರೆಗೆ ಅಲ್ಲಿ ಕೂತಳು. ಮಂದೆ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಕಡೆ ಹೋದಾಗ ಅಲ್ಲಿಯ ಸಮೀಪದ ಶಾಲೆಯಲ್ಲಿ ಕೂತಳು. ಎರಡೂ ಕಡೆ ಹೆಡ್ ಮಾಸ್ಟರುಗಳು ಇಷ್ಟು ದಿನ ಬಂದಿದ್ದಾಳೆ ಎಂದು ಸೀಲು ಹಾಕಿ ಪತ್ರ ಕೊಟ್ಟರು. ನಾನೇನೂ ಬೇಡಿಕೊಳ್ಳಲಿಲ್ಲ, ಕೇಳಿದೆ, ಕೊಟ್ಟರು. ಒಳ್ಳೆಯವರು ಎಲ್ಲ ಕಡೆ ಇದ್ದಾರೆ, ಅವರ ಹತ್ತಿರ ಹೋಗಿ ಕೇಳುವವರು ಕಡಿಮೆ.

ಒಂದು ಸೋಮವಾರ ಕತ್ತಲಗೆರೆ ಹತ್ತಿರದ ಅಡಿಕೆ ತೋಟದ ಬದುವಿನಲ್ಲಿ ಕೂತು ಇಂಗ್ಲಿಷ್ ಓದಿಸುತ್ತಿದ್ದೆ. ಇಂಗ್ಲಿಷ್ ಅವಳಿಗೆ ಕಬ್ಬಿಣದ ಕಡಲೆ. ಸಂಜೆ ತಾಯಿಕುರಿಗಳು ಮೇದು ವಾಪಸು ಬಂದವು. ಬಲೆ ಬಿಚ್ಚಿದ ಕೂಡಲೇ ಎಲ್ಲ ಮರಿಗಳೂ ಒಂದೇ ಸಲ ಕೂಗಿಕೊಂಡು ನುಗ್ಗಿದವು. ರೇಣುಕಾ ಪುಸ್ತಕ ನನ್ನ ಮಡಿಲಿಗೆ ಎಸೆದು ಓಡಿದಳು. ತಾಯಿ ಸಿಗದೆ ಅಲೆಯುವ ಮರಿಗಳನ್ನು ಒಂದೊಂದಾಗಿ ಹಿಡಿದು, ಸರಿಯಾದ ತಾಯಿಯ ಕೆಚ್ಚಲಿಗೆ ಹಚ್ಚಿ ಬಂದಳು. ಎಲ್ಲವೂ ನನಗೆ ಒಂದೇ ಥರ ಕಾಣುತ್ತಿದ್ದವು.

"ಹೆಂಗೆ ಗೊತ್ತಾಗ್ತದೆ ನಿನಗೆ?"

"ದಿನಾ ನೋಡಿದ್ರೆ ಗೊತ್ತಾಗ್ತೈತೆ. ಕುರಿ ಕಾಯಾಕೆ ಹೋಗು ಅಂತ ಬೈತಾರಲ್ಲ ಮೇಡಂ, ಸಾರ್ ಬಂದು ಒಂದು ದಿನ ಕಾಯ್ಲಿ. ಸಂಜಿಗೆ ಅರ್ಧ ಮರಿ ಉಪಾಸ ಬಿದ್ದಿರ್ತಾವೆ."

ಹೌದಲ್ಲ ಎನ್ನಿಸಿತು. ಯಾವ ಮರಿ ತಾಯಿ ಸಿಗದೆ ಅಲೆಯುತ್ತಿದೆ ಎಂದು ನೋಡುವುದೇ ನನ್ನ ಕೆಲಸವೂ ಆಗಿತ್ತು. ಅದನ್ನು ಅವಳು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು.

ಜನವರಿ ಕೊನೆಗೆ ಅವಳ ಅವ್ವ ಕೋಲು ಹಿಡಿದು ನಡೆಯುವಂತಾದರು. ರೇಣುಕಾ ಜಗಳೂರಿನ ಶಾಲೆಗೆ ವಾಪಸು ಬಂದಳು. ಬಂದ ದಿನವೇ ಹೆಡ್ ಮಾಸ್ಟರು ಅವಳನ್ನು ತರಗತಿಯಿಂದ ಹೊರಗೆ ಕರೆದು, ಹಾಜರಾತಿ ಸಾಲದು, ಈ ವರ್ಷ ಪರೀಕ್ಷೆ ಇಲ್ಲ, ಮುಂದಿನ ವರ್ಷ ಖಾಸಗಿಯಾಗಿ ಕಟ್ಟು ಎಂದರು. ಗುರುವಾರ ನಾನು ಹೋದಾಗ ಅವಳು ಅಕ್ಕಿ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಇಂಗ್ಲಿಷ್ ಪುಸ್ತಕ ತೆರೆದಿತ್ತು.

ಹೆಡ್ ಮಾಸ್ಟರು ಕೆಟ್ಟ ಮನುಷ್ಯರೇನಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳ ಮನೆಗೆ ಫೋನ್ ಮಾಡಿ ಓದಲು ಎಬ್ಬಿಸುತ್ತಿದ್ದರು. ಆದರೆ ತಿಂಗಳ ಮೀಟಿಂಗಿನಲ್ಲಿ ಮೇಲಿನವರು ಫಲಿತಾಂಶ ಕಡಿಮೆ ಬಂದ ಶಾಲೆಯವರನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸುತ್ತಿದ್ದರಂತೆ, ಒಮ್ಮೆ ಇವರೂ ನಿಂತಿದ್ದರು. ಈ ಸಲ ಶಾಲೆಗೆ ನೂರಕ್ಕೆ ನೂರು ಬರಬೇಕಿತ್ತು. ಗೇಟಿಗೆ ಬ್ಯಾನರು ಕಟ್ಟಲು ಜಾಗ ಕೂಡ ನೋಡಿಟ್ಟಿದ್ದರು. ಪಾಸಾಗುವುದು ಅನುಮಾನ ಇರುವವರನ್ನು ಪರೀಕ್ಷೆಗೆ ಮೊದಲೇ ಕಳೆದುಬಿಟ್ಟರೆ ಉಳಿದವರೆಲ್ಲ ಪಾಸು. ಈ ಲೆಕ್ಕ ಅವರೊಬ್ಬರದ್ದಲ್ಲ ಎಂದು ನಾನು ನಾಲ್ಕು ತಾಲ್ಲೂಕು ಸುತ್ತಿ ತಿಳಿದಿದ್ದೆ.

ಎರಡು ಶಾಲೆಗಳ ಪತ್ರಗಳನ್ನು ಅವರ ಮೇಜಿನ ಮೇಲಿಟ್ಟೆ. "ಸಾರ್, ಇವನ್ನ ಸೇರಿಸಿದ್ರೆ ಕೊರತೆ ಬರೋದು ಕೆಲವೇ ದಿನ. ತಾಯಿ ಕಾಲು ಮುರಿದ ಕಾರಣ ಹೇಳಿ ನೀವು ಮೇಲಿನವರಿಗೆ ಒಂದು ಪತ್ರ ಬರೆದ್ರೆ ಮನ್ನಾ ಮಾಡ್ತಾರೆ."

ಅವರು ಹಸಿರು ಫೈಲು ತೆಗೆದರು. ನನ್ನ ಮುತ್ತಿನಂಥ ಅಕ್ಷರದ ಹಾಳೆಯನ್ನು ನನ್ನ ಕಡೆಗೇ ತಿರುಗಿಸಿ ಇಟ್ಟರು. "ನೀವೇ ಬರದಿದ್ದು ಮೇಡಂ. ಸಾಕ್ಷಿ ಸಹಿನೂ ನಿಮ್ಮದೇ ಐತೆ. ಈಗ ನೀವೇ ಬಂದು ಹಿಂಗೆ ಕೇಳಿದ್ರೆ ಹೆಂಗೆ?"

ನಾನೇ ತೋಡಿದ ಹಳ್ಳ, ನಾನೇ ಅಂಚಿನಲ್ಲಿ ನಿಂತಿದ್ದೆ. ಬಿದ್ದರೆ ಬೀಳುವವಳು ಮಾತ್ರ ಬೇರೆ.

ಮರುದಿನ ಶುಕ್ರವಾರ ಬೀರಪ್ಪ ಬಂದರು. ಹಿಂಡನ್ನು ಅಣ್ಣನಿಗೆ ಒಪ್ಪಿಸಿ, ಕತ್ತಲಗೆರೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಹೆಡ್ ಮಾಸ್ಟರ ಕೋಣೆಯಲ್ಲಿ ಅವರು, ರೇಣುಕಾ, ನಾನು, ಮೂಲೆಯ ಮೇಜಿನಲ್ಲಿ ಗುಮಾಸ್ತರು. ಕುರ್ಚಿ ಖಾಲಿ ಇದ್ದರೂ ಬೀರಪ್ಪನವರಿಗೆ ಕೂರಿ ಎಂದು ಯಾರೂ ಹೇಳಲಿಲ್ಲ. ನಾನು ಒಂದನ್ನು ಎಳೆದು ಹಾಕಿದೆ. ಅವರು ಕೂತು ನನ್ನನ್ನು ಕೇಳಿದರು.

"ತಾಯಿ, ಆ ಕಾಗದ ಈಗ ಪೂರ್ತಿ ಓದ್ರಿ."

ಓದಿದೆ. ಒಂದು ಅಕ್ಷರ ಬಿಡದೆ ಓದಿದೆ.

"ತಕರಾರು ಇರುವುದಿಲ್ಲ ಅಂದ್ರೆ ಏನ್ರಿ?"

"ನಿಮ್ಮ ಮಗಳನ್ನ ಪರೀಕ್ಷೆಗೆ ಕೂರಿಸದೆ ಇದ್ರೂ ನೀವು ಯಾಕೆ ಅಂತ ಕೇಳೋ ಹಾಗಿಲ್ಲ ಅಂತ."

"ಇದನ್ನ ಅವತ್ತು ನನಗೆ ಹೇಳಲಿಲ್ಲ ನೀವು."

"ಹೇಳಲಿಲ್ಲ. ತಪ್ಪಾಯ್ತು ಯಜಮಾನ್ರೆ."

ಆ ವರ್ಷ ಪೂರ್ತಿ ನಾಲ್ಕು ತಾಲ್ಲೂಕಿನ ಮಕ್ಕಳ ಬಾಯಲ್ಲಿ ಬರಬಾರದು ಎಂದು ತಡೆದ ಮಾತು ನನ್ನ ಬಾಯಲ್ಲಿ ಬಂತು. ಬರಬೇಕಾದದ್ದು ನನ್ನ ಬಾಯಲ್ಲೇ ಆಗಿತ್ತು. ಬೀರಪ್ಪ ತಲೆ ಆಡಿಸಿದರು. ಕ್ಷಮಿಸಿದೆ ಎಂದಲ್ಲ, ಕೇಳಿಸಿತು ಎಂದು. ಆಮೇಲೆ ಹೆಡ್ ಮಾಸ್ಟರ ಕಡೆ ತಿರುಗಿದರು.

"ಹಂಗಾದ್ರೆ ಈಗ ಹೇಳ್ತೀನಿ ಕೇಳ್ರಿ ಸಾಹೇಬ್ರೆ. ತಕರಾರು ಐತ್ರಿ."

"ಯಜಮಾನ್ರೆ, ಹೆಬ್ಬೆಟ್ಟು ಒತ್ತೀರಿ ನೀವು."

"ಒತ್ತೀನಿ, ಇಲ್ಲ ಅನ್ನಲ್ಲ. ನಮ್ಮಲ್ಲಿ ಯಾರದ್ದಾದ್ರೂ ಹೊಲದಾಗೆ ಮಂದೆ ನಿಲ್ಲಿಸಬೇಕಾದ್ರೆ ಹೊಲದೋರು ನನಗೆ ಎಲಿ ಅಡಿಕಿ ಕೊಡ್ತಾರೆ, ನಾನೂ ಅವ್ರಿಗೆ ಕೊಡ್ತೀನಿ. ಒಂದ್ಕಡೆಯೋರೇ ಕೊಟ್ರೆ ಅದು ಮಾತಲ್ಲ. ನಾನು ಕೊಟ್ಟೀನಿ. ಈಗ ನೀವು ಬರಕೊಡ್ರಿ. ಈ ಹುಡುಗೀನ ಪರೀಕ್ಷಿಗೆ ಕೂರಿಸಲ್ಲ, ಇಂಥ ಕಾರಣಕ್ಕೆ ಕೂರಿಸಲ್ಲ ಅಂತ ಬರದು, ಸೀಲ್ ಹೊಡದು ಕೊಡ್ರಿ. ತಗೊಂಡು ಹೋಗ್ತೀನಿ."

"ಹಂಗೆಲ್ಲ ಬರಕೊಡಾಕೆ ಬರಲ್ಲ."

"ಯಾಕ್ರಿ?"

"ರೂಲ್ಸ್ ಇಲ್ಲ."

ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ರೇಣುಕಾ ಕೇಳಿದಳು. "ನಮ್ಮಪ್ಪನ ಹತ್ರ ಬರಸ್ಕೊಳ್ಳಾಕೆ ರೂಲ್ಸ್ ಐತಾ ಸಾರ್?"

ಗುಮಾಸ್ತರು ಕೆಮ್ಮಿದರು. ಹೆಡ್ ಮಾಸ್ಟರು ಅವಳ ಕಡೆ ನೋಡಲಿಲ್ಲ. ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು ಬರೆಯತೊಡಗಿದೆ. ಈ ಸಲ ಯಾರೂ ಹೇಳಿ ಬರೆಸಲಿಲ್ಲ. ತಾಯಿಯ ಕಾಲು ಮುರಿದಿದ್ದರಿಂದ ಗೈರಾದ, ಆ ಅವಧಿಯಲ್ಲೂ ಬೇರೆ ಎರಡು ಶಾಲೆಗಳಲ್ಲಿ ಕೂತು ಓದಿದ ಕುಮಾರಿ ರೇಣುಕಾಳನ್ನು ಪರೀಕ್ಷೆಗೆ ಕೂರಿಸಲು ನಾನು ನಿರಾಕರಿಸಿದ್ದೇನೆ ಎಂದು ಮುದ್ದಾಗಿ ಬರೆದೆ. ಕೆಳಗೆ ಮುಖ್ಯೋಪಾಧ್ಯಾಯರು ಎಂದು ಬರೆದು, ಸಹಿಗೆ ಜಾಗ ಬಿಟ್ಟು, ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಹಾಕಿ ಅವರ ಮುಂದೆ ಸರಿಸಿದೆ. "ನನ್ನ ಅಕ್ಷರ ನಿಮಗೆ ಹಿಡಿಸ್ತದಲ್ಲ ಸಾರ್. ಒಂದು ಸಹಿ ಹಾಕಿ."

ಅವರು ಆ ಹಾಳೆಯನ್ನು ಮುಟ್ಟಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಬೀರಪ್ಪ ಕುರ್ಚಿಯಲ್ಲಿ ಕದಲದೆ ಕೂತಿದ್ದರು. ಮಂದೆ ಕಾಯುವವರಿಗೆ ಕೂತು ಕಾಯುವುದು ಯಾರೂ ಕಲಿಸಬೇಕಿಲ್ಲ. ಊಟದ ಹೊತ್ತು ಮುಗಿದು ಮಕ್ಕಳು ತರಗತಿಗೆ ಹೋದ ಮೇಲೆ ಹೆಡ್ ಮಾಸ್ಟರು ಗುಮಾಸ್ತರನ್ನು ಕರೆದು, "ಮನ್ನಾಕ್ಕೆ ಒಂದು ಪತ್ರ ರೆಡಿ ಮಾಡ್ರಿ" ಎಂದರು. ನನ್ನ ಕಡೆ ತಿರುಗಿ, "ಫೇಲಾದ್ರೆ ನೀವೇ ಜವಾಬ್ದಾರಿ ಮೇಡಂ" ಎಂದರು. ಆಗಲಿ ಎಂದೆ. ಬರೆದುಕೊಡಲೇ ಎಂದು ಕೇಳಿದೆ. ಬೇಡ ಎಂದರು.

ರೇಣುಕಾ ಪರೀಕ್ಷೆ ಬರೆದಳು. ಇಂಗ್ಲಿಷಿನಲ್ಲಿ ಫೇಲಾದಳು.

ಹೌದು, ಫೇಲಾದಳು. ಆ ಶಾಲೆಯಲ್ಲಿ ಆ ವರ್ಷ ಫೇಲಾದದ್ದು ಅವಳೊಬ್ಬಳೇ. ಗೇಟಿಗೆ ಬ್ಯಾನರು ಬರಲಿಲ್ಲ. ಫಲಿತಾಂಶದ ದಿನ ಹೆಡ್ ಮಾಸ್ಟರು ಫೋನ್ ಮಾಡಿ, "ನೋಡಿದ್ರಾ ಮೇಡಂ?" ಎಂದು ಒಂದೇ ಮಾತು ಕೇಳಿ ಇಟ್ಟರು. ನೋಡಿದೆ ಸಾರ್. ಕನ್ನಡ, ಗಣಿತ, ವಿಜ್ಞಾನ, ಸಮಾಜ, ಹಿಂದಿ, ಐದರಲ್ಲಿ ಪಾಸಾದ ಹುಡುಗಿಯನ್ನು ನೋಡಿದೆ. ಬಲೆಯ ಪಕ್ಕ ಕೂತು ಓದಿ ಐದರಲ್ಲಿ ಪಾಸಾದವಳು. ಫೇಲಾಗುವುದು ಮಕ್ಕಳ ಹಕ್ಕು. ಪರೀಕ್ಷೆ ಬರೆದವರಿಗೆ ಮಾತ್ರ ಸಿಗುವ ಹಕ್ಕು ಅದು, ಅವಳಿಗೂ ಸಿಕ್ಕಿತು. ಎರಡನೇ ಪರೀಕ್ಷೆಯಲ್ಲಿ ಇಂಗ್ಲಿಷನ್ನೂ ದಾಟಿದಳು.

ಅಷ್ಟು ಹೊತ್ತಿಗೆ ನನ್ನ ಗುತ್ತಿಗೆ ಮುಗಿದಿತ್ತು. ಮುಂದುವರಿಸಲಿಲ್ಲ. ಸಹಕಾರ ಮನೋಭಾವ ಕಡಿಮೆ ಎಂದು ವರದಿ ಬಂದಿತ್ತಂತೆ. ಸರಿಯಾದ ವರದಿಯೇ, ನನ್ನ ತಕರಾರಿಲ್ಲ. ಆ ವರ್ಷದ ಮೊದಲ ಆರು ತಿಂಗಳು ನನ್ನಲ್ಲಿ ಸಹಕಾರ ಮನೋಭಾವ ಬೇಕಾದಷ್ಟು ಇತ್ತು, ಅದರಿಂದ ಆದದ್ದು ಏನೆಂದು ಹೇಳಿದೆನಲ್ಲ.

ಈಗ ಬೇರೆ ಸಂಸ್ಥೆ, ಅದೇ ಕೆಲಸ. ಹೋದ ತಿಂಗಳು ಆ ಬಸ್ಸಿನಲ್ಲಿ ಹೋಗುತ್ತಿದ್ದದ್ದು ಜಗಳೂರು ತಾಲ್ಲೂಕಿನ ಇನ್ನೊಂದು ಶಾಲೆಗೆ. ಅಲ್ಲಿಯೂ ಹೊಸ ಮೇಡಂ ಬಂದರು ಎಂದು ಮೊದಲ ದಿನವೇ ಒಂದು ಕಟ್ಟು ಮುಚ್ಚಳಿಕೆ ಹಾಳೆಗಳನ್ನು ತಂದು ಮುಂದಿಟ್ಟರು. ಈಗೀಗ ಪ್ರಿಂಟ್ ಹಾಕಿಸುತ್ತಾರೆ, ಹೆಸರು ತುಂಬಿದರೆ ಸಾಕು. ನಾನು ಚೀಲದಿಂದ ನನ್ನ ಹಳೆಯ ಹಾಳೆಯನ್ನು ತೆಗೆದು ಆ ಕಟ್ಟಿನ ಮೇಲಿಟ್ಟೆ. ಅವರು ಅದನ್ನು ಓದುವವರೆಗೆ ಕಾದೆ. ಹೋದಲ್ಲೆಲ್ಲ ಹೀಗೇ ಮಾಡುತ್ತೇನೆ. ಇದು ನಾನು ಬರೆದದ್ದು, ಇನ್ನೊಂದು ಬರೆಯುವುದಿಲ್ಲ ಎಂದು ಹೇಳುತ್ತೇನೆ.

ಆ ಹಾಳೆ ನನ್ನ ಕೈಗೆ ಬಂದದ್ದು ರೇಣುಕಾಳಿಂದ. ಪಾಸಾದ ಮೇಲೆ ಅಂಕಪಟ್ಟಿ ತೆಗೆದುಕೊಳ್ಳಲು ಶಾಲೆಗೆ ಹೋದವಳು, ಅದನ್ನು ತೆಗೆದುಕೊಂಡು, "ನಮ್ಮಪ್ಪನ ಹೆಬ್ಬೆಟ್ಟೂ ಕೊಡ್ರಿ ಸಾರ್" ಎಂದಳಂತೆ. ಅದು ಆಫೀಸಿನ ದಾಖಲೆ, ಕೊಡಲು ಬರುವುದಿಲ್ಲ ಎಂದರಂತೆ. ಕೊಡುವವರೆಗೆ ಇಲ್ಲೇ ಕೂತಿರುತ್ತೇನೆ ಎಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳಂತೆ. ಅವಳು ಯಾರ ಮಗಳು ಎಂದು ಅವರಿಗೆ ಗೊತ್ತಿತ್ತು. ಸಂಜೆ ನಾಲ್ಕಕ್ಕೆ ಗುಮಾಸ್ತರು ಹಸಿರು ಫೈಲಿನ ದಾರ ಬಿಚ್ಚಿದರು.

ಮರುದಿನ ಅವಳು ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡಳು. ಪಿಯುಸಿಗೆ ಅರ್ಜಿ ತರಲು ಬಂದಿದ್ದಳು. ಸ್ವೀಟು ಕೊಡುತ್ತಾಳೆ ಎಂದುಕೊಂಡೆ. ಬ್ಯಾಗಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ನನ್ನ ಕೈಗೆ ಕೊಟ್ಟಳು. ಬಿಚ್ಚಿದೆ. ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು, ಪಕ್ಕದಲ್ಲಿ ನನ್ನ ಸಹಿ.

"ಹರಿದು ಹಾಕಬಾರದಿತ್ತೇನೆ?" ಎಂದೆ.

"ಹೆಬ್ಬೆಟ್ಟು ನಮ್ಮಪ್ಪಂದು, ಅಕ್ಷರ ನಿಮ್ಮವು ಮೇಡಂ" ಎಂದಳು. "ನೀವೇ ಇಟ್ಕೊಳ್ರಿ."